ಒಂಟಿಬಾಗಿಲಿನ ಕಾವಲುಗಾರ ಮತ್ತು ಆಯಾಸುರ

ಮೊದಲು ಒಂದು ಒಗಟು.

ಒಂದು ಮನೆ. ಆ ಮನೆಗೆ ಒಬ್ಬ ನೆಂಟ. ಬಂದವನು ಹೋಗದಿದ್ದರೆ ಮನೆ ಬಿದ್ದುಹೋಗುತ್ತೆ. ಹೋದವನು ಬರದಿದ್ದರೂ ಮನೆ ಬಿದ್ದುಹೋಗುತ್ತೆ. ಹಾಗಾದರೆ ಆ ಮನೆಯ ಯಜಮಾನ ಎಲ್ಲಿ ಕೂತಿರ್ತಾನೆ?

ಉಸಿರು ಅಂದಿರಾ? ಬುದ್ಧಿವಂತರೇ. ಆದರೆ ಅದು ನೆಂಟನ ಹೆಸರಾಯ್ತು. ನಾನು ಕೇಳಿದ್ದು ಯಜಮಾನನನ್ನು. ಗೊತ್ತಾಗಲಿಲ್ಲ ಅಲ್ವಾ? ಇರಲಿ, ತಲೆ ಕೆರೆದುಕೊಳ್ಳಬೇಡಿ, ಇರೋ ಕೂದಲೂ ಉದುರುತ್ತೆ. ಕತೆ ಕೇಳಿ.

ಬಹಳ ಹಿಂದೆ, ನಿಮ್ಮಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದ ಕಾಲಕ್ಕೂ ಹಿಂದೆ, ಒಂಟಿಬಾಗಿಲು ಅಂತ ಒಂದು ರಾಜ್ಯವಿತ್ತು. ಸುತ್ತ ಆಕಾಶ ಮುಟ್ಟುವ ಕೋಟೆ. ಇಡೀ ಕೋಟೆಗೆ ಒಂದೇ ಒಂದು ಬಾಗಿಲು. ರಾಜ ಬಂದರೂ ಅದೇ ಬಾಗಿಲು, ಎಮ್ಮೆ ಬಂದರೂ ಅದೇ ಬಾಗಿಲು.

ಆ ಬಾಗಿಲಿಗೆ ಒಬ್ಬ ಕಾವಲುಗಾರ. ಅವನ ಕೆಲಸ ಕೇಳಿದರೆ ನಗು ಬರುತ್ತೆ. ಕತ್ತಿ ಇಲ್ಲ, ಈಟಿ ಇಲ್ಲ. ಒಳಗೆ ಬಂದವರಿಗೆ "ಬಂದ್ಯಾ?" ಅನ್ನಬೇಕು. ಹೊರಗೆ ಹೋಗುವವರಿಗೆ "ಹೋಗ್ಬಾ" ಅನ್ನಬೇಕು. ಅಷ್ಟೇ. ಬರೀ "ಹೋಗು" ಅಂದರೆ ಆ ಊರಲ್ಲಿ ಅದು ಶಾಪ, ಹಾಗಾಗಿ ಸಾಲಗಾರನಿಗೂ "ಹೋಗ್ಬಾ" ಅಂತಲೇ ಹೇಳುತ್ತಿದ್ದರು. ಮತ್ತೆ ಆ ಬಾಗಿಲಿಗೆ ಒಂದು ಮಾಯೆ ಇತ್ತು. ಕಾವಲುಗಾರನ ಬಾಯಲ್ಲಿ "ಬಂದ್ಯಾ?" ಅನ್ನಿಸಿಕೊಳ್ಳದೆ ಒಳಗೆ ನುಗ್ಗಿದವನು ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಕಾಣದವನು ಏನು ಬೇಕಾದರೂ ಮಾಡಬಹುದಲ್ಲ?

ಕಾವಲುಗಾರನ ಹೆಸರು ಬೂಚಿಗ. ಮೀಸೆ ಈಗಷ್ಟೇ ಮೂಡುತ್ತಿದ್ದ ಹುಡುಗ. ಅಪ್ಪ ಅಮ್ಮ ಇಲ್ಲ. ಅಕ್ಕ ಮಾಚಲೆಯೇ ಸಾಕಿದವಳು. ಅವಳ ಕೈಯ ಅಂಬಲಿ ಎಷ್ಟು ತಣ್ಣಗೋ ಬಾಯಿ ಅಷ್ಟೇ ಖಾರ.

ಬೂಚಿಗನಿಗೆ ಒಂದು ರೋಗ. ಬಂದವರಿಗೆ "ಬಂದ್ಯಾ?" ಅಂದು ಸುಮ್ಮನಿರಲು ಅವನಿಗೆ ಆಗುತ್ತಿರಲಿಲ್ಲ. ಬೆಲ್ಲದ ಗಾಡಿ ಬಂದರೆ "ಎಲ್ಲಿಗೆ? ಯಾರ ಮನೆಗೆ? ಚೂರು ಕೊಡು" ಅಂತ ಗಾಡಿಯ ಹಿಂದೆಯೇ ಪೇಟೆವರೆಗೆ ಹೋಗುವನು. ದಿಬ್ಬಣ ಬಂದರೆ ಮದುವೆಮನೆಗೇ ಹೋಗಿ ಉಂಡು, ಗಂಡಿನ ಚಪ್ಪಲಿ ಬಚ್ಚಿಟ್ಟು, ಮೆಲ್ಲಗೆ ವಾಪಸು ಬರುವನು. ಜಗಳ ಆಡುತ್ತ ಇಬ್ಬರು ಹೊರಗೆ ಹೋದರೆ ಕೊನೆಗೆ ಗೆದ್ದವರಾರು ಅಂತ ನೋಡಲು ಪಕ್ಕದ ಹಳ್ಳಿಗೂ ಹೋಗುವನು. ಬಾಗಿಲು ಪಾಪ, ಬಾಯಿ ತೆರೆದುಕೊಂಡು ಅಲ್ಲೇ ನಿಂತಿರುವುದು.

"ನೀನು ಬಾಗಿಲು ಕಾಯ್ತೀಯೋ, ಬಾಗಿಲು ನಿನ್ನ ಕಾಯುತ್ತೋ?" ಅಂತ ಮಾಚಲೆ ಬೈಯುವಳು.

"ಬಾಗಿಲೇನು ಓಡಿ ಹೋಗುತ್ತಾ ಅಕ್ಕ?" ಅನ್ನುವನು ಇವನು.

ಹೀಗಿರುವಾಗ ಒಂದು ಮಧ್ಯಾಹ್ನ ಒಂದು ಮೇಕೆ ಬಂತು. ಎರಡೇ ಕಾಲಲ್ಲಿ ನಡೆಯುತ್ತ, ಕೊಂಬಿಗೆ ಗೆಜ್ಜೆ ಕಟ್ಟಿಕೊಂಡು, ಬಾಯಲ್ಲಿ ಕೊಳಲು ಊದುತ್ತ ಬಂತು. ಬೂಚಿಗ "ಬಂದ್ಯಾ?" ಅಂದವನೇ ಬಾಗಿಲು ಮರೆತು ಅದರ ಹಿಂದೆ ಓಡಿದ. ಅದು ಕುಣಿದ ಹಾಗೆ ಕುಣಿದ. ಆಗ ತೆರೆದ ಬಾಗಿಲಲ್ಲಿ, ಯಾರೂ "ಬಂದ್ಯಾ?" ಅನ್ನದೆ, ಒಬ್ಬ ಮೆಲ್ಲಗೆ ಒಳಗೆ ಬಂದ. ಅವನೇ ಆಯಾಸುರ. ಮಂತ್ರವಾದಿ. ಮೇಕೆ ಅವನದೇ.

ಅವತ್ತಿನಿಂದ ಇಡೀ ರಾಜ್ಯಕ್ಕೆ ಸುಸ್ತು ಹಿಡಿಯಿತು.

ಎಂಥ ಸುಸ್ತು ಅಂತೀರಿ! ಕೋಳಿ "ಕೊಕ್ಕೊ" ಅಂದು ಮಿಕ್ಕಿದ್ದನ್ನು ನಾಳೆಗೆ ಇಟ್ಟುಕೊಳ್ಳುತ್ತಿತ್ತು. ನಾಯಿ ಕಳ್ಳನನ್ನು ನೋಡಿ ಒಂದು ಸಲ ಬಾಲ ಎತ್ತಿ, ಬೊಗಳೋಕಾಗದೆ ಮಲಗುತ್ತಿತ್ತು. ಕಳ್ಳನೂ ಕನ್ನ ಅರ್ಧ ಕೊರೆದು ಅಲ್ಲೇ ಗೋಡೆಗೆ ಒರಗುತ್ತಿದ್ದ. ರಾಜ ಕಿರೀಟ ಭಾರ ಅಂತ ತೆಗೆದು ಪಕ್ಕದಲ್ಲಿ ಇಟ್ಟುಕೊಂಡ. ಆಮೇಲೆ ಅದನ್ನು ಎತ್ತಿ ಕೊಡೋಕೆ ಮಂತ್ರಿಗೆ ಆಗಲಿಲ್ಲ. ಎಲ್ಲರೂ ದಿನಾ ಮಲಗುವರು, ಯಾರಿಗೂ ನಿದ್ದೆ ಇಲ್ಲ. ಎಲ್ಲರೂ ದಿನಾ ಏಳುವರು, ಯಾರಿಗೂ ಎಚ್ಚರ ಇಲ್ಲ. ಮೈ ಮನೆಯಲ್ಲಿ, ಮನಸ್ಸು ಬೀದಿಯಲ್ಲಿ. ನಿನ್ನೆಯ ಜಗಳದ ಹಿಂದೆ, ನಾಳೆಯ ಭಯದ ಹಿಂದೆ ಓಡಿ ಓಡಿ ಅದೂ ಬಳಲಿತ್ತು.

ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಿತ್ತು. ಆದರೆ ತೀರಾ ದಣಿದವರು ಎಲ್ಲಾದರೂ "ಉಸ್ಸಪ್ಪಾ" ಅಂತ ಕೂತರೆ ಪಾದದಿಂದ ಮೇಲಕ್ಕೆ ಕಲ್ಲಾಗತೊಡಗಿದರು. ಕಲ್ಲು ಮೂಗಿನವರೆಗೆ ಏರಿದರೆ ಮುಗಿಯಿತು, ಬೀದಿ ಬದಿಗೆ ಇನ್ನೊಂದು ಕಲ್ಲುಬೆಂಚು. ಆಯಾಸುರ ಅವುಗಳ ಮೇಲೆ ಕಾಣದ ಹಾಗೆ ಕೂತು ಹೋಗುತ್ತಿದ್ದ.

ಒಂದು ದಿನ ಮಾಚಲೆ ಅಂಬಲಿ ಗಡಿಗೆ ಹೊತ್ತು ಬಾಗಿಲಿಗೆ ಬಂದಳು. ಬೂಚಿಗ ಎಂದಿನಂತೆ ಅಲ್ಲಿರಲಿಲ್ಲ. ಕಾದಳು. ಕಾದು ಕಾದು ಬಾಗಿಲ ಪಕ್ಕದ ಜಗಲಿಯ ಮೇಲೆ "ಉಸ್ಸಪ್ಪಾ" ಅಂತ ಕೂತಳು. ಬೂಚಿಗ ಬಂದು ನೋಡುತ್ತಾನೆ, ಅಕ್ಕನ ಎರಡು ಪಾದವೂ ಕಲ್ಲು.

"ಅಕ್ಕಾ, ಏಳು!"

"ಏಳೋ ಹಾಗಿದ್ರೆ ನಿನ್ನ ಕಿವಿ ಹಿಂಡೋಕೆ ಆಗಲೇ ಎದ್ದಿರ್ತಿದ್ದೆ. ಅಂಬಲಿ ಕುಡಿ, ಹುಳಿಯಾಗುತ್ತೆ."

ಬೂಚಿಗ ಕುಡಿಯಲಿಲ್ಲ. ಅಕ್ಕನ ಕಾಲು ತಿಕ್ಕಿದ, ಬಿಸಿನೀರು ಹೊಯ್ದ, ಅತ್ತ. ಕಲ್ಲು ಕಲ್ಲೇ.

ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಮುದುಕಿ ಬಂದಳು. ಬೋಳು ತಲೆ, ಕಾವಿ ಸೀರೆಯಂಥ ಹೊದಿಕೆ, ಕೈಯಲ್ಲಿ ಭಿಕ್ಷಾಪಾತ್ರೆ. ಗುಡ್ಡದ ಗುಹೆಯಲ್ಲಿ ಇರುವ ಭಿಕ್ಷುಣಿ ನಂದಮತಿ. ಇಡೀ ರಾಜ್ಯದಲ್ಲಿ ಸುಸ್ತಾಗದೆ ನಡೆಯುತ್ತಿದ್ದವಳು ಅವಳೊಬ್ಬಳೇ. ಬೂಚಿಗ ಕಣ್ಣೊರೆಸಿಕೊಂಡು "ಬಂದ್ರಾ?" ಅಂದ.

"ಬಂದೆ ಮಗಾ. ನೀನು ಬಂದ್ಯಾ?"

"ನಾನು ಇಲ್ಲೇ ಇದೀನಲ್ಲ."

"ಎಲ್ಲಿದೀಯ? ನೀನಾಗಲೇ ಅಕ್ಕ ಸತ್ತ ಮೇಲಿನ ದಿನಕ್ಕೆ ಹೋಗಿ ಅಲ್ಲಿ ಅಳ್ತಾ ಕೂತಿದೀಯ."

ನಿಜವಾಗಿಯೂ ಅವನು ಅಲ್ಲೇ ಇದ್ದ.

ನಂದಮತಿ ಆಯಾಸುರನ ಕತೆ ಹೇಳಿದಳು. "ಅವನು ಊರವರ ದಣಿದ ಉಸಿರು ಕುಡಿದು ಊದಿಕೊಳ್ತಾನೆ. ಊದಿಕೊಂಡಿದ್ದನ್ನು ಬಿಡೋಕೆ ಸಂಜೆ ಹೊರಗೆ ಹೋಗ್ತಾನೆ, ಮತ್ತೆ ಬರ್ತಾನೆ. ಬಂದದ್ದು ಹೋಗಲೇಬೇಕಲ್ಲ. ನೀನು ಯಾವಾಗಲೂ ಇನ್ಯಾರದೋ ಹಿಂದೆ ಹೋಗಿರ್ತೀಯ, ಅದಕ್ಕೆ ಅವನು ಯಾರಿಗೂ ಕಾಣ್ತಿಲ್ಲ. ಒಂದು ಹಗಲು, ಬಿಸಿಲು ಬಾಗಿಲಿಗೆ ಬಿದ್ದಾಗಿನಿಂದ ಇಳಿಯೋ ತನಕ, ನೀನು ಬಾಗಿಲಲ್ಲೇ ಇರು. ಕಾಣ್ತಾನೆ. ಕಂಡವನಿಗೆ 'ಬಂದ್ಯಾ?' ಅನ್ನು, 'ಹೋಗ್ಬಾ' ಅನ್ನು."

"ಕತ್ತಿ ಕೊಡ್ತೀರಾ?"

"ಬೇಡ."

"ಮಂತ್ರ?"

"ಬೇಡ."

"ಮತ್ತೇನು ಕೊಡ್ತೀರಿ?"

"ನಿನ್ನ ಮೂಗಿದೆಯಲ್ಲ, ಅದೇ ಸಾಕು."

ಮಾಚಲೆ ಅಷ್ಟು ನೋವಿನಲ್ಲೂ ಕಿಸಕ್ಕನೆ ನಕ್ಕಳು. "ಅವನ ಮೂಗಾ? ಎಲ್ಲರ ಮನೆ ಒಗ್ಗರಣೆಗೂ ಹೋಗಿಬರೋ ಮೂಗು ಅದು."

ನಂದಮತಿ ಬೂಚಿಗನನ್ನು ಹೊಸ್ತಿಲ ಪಕ್ಕ ಕೂರಿಸಿದಳು. ಬೆನ್ನು ನೆಟ್ಟಗೆ ಮಾಡಿದಳು. "ಮೂಗಿನ ತುದಿಯೂ ಒಂದು ಬಾಗಿಲು. ಉಸಿರು ಒಳಗೆ ಬಂದಾಗ, ಬಂತು ಅಂತ ತಿಳಿ. ಹೊರಗೆ ಹೋದಾಗ, ಹೋಯ್ತು ಅಂತ ತಿಳಿ. ಉದ್ದ ಬಂದರೆ ಉದ್ದ ಅಂತ ತಿಳಿ, ಗಿಡ್ಡ ಬಂದರೆ ಗಿಡ್ಡ. ಎಳೆಯಬೇಡ, ತಳ್ಳಬೇಡ. ಅದರ ಹಿಂದೆ ಹೊಟ್ಟೆಗೂ ಹೋಗಬೇಡ, ಗಾಳಿಗೂ ಹೋಗಬೇಡ. ಬಾಗಿಲಲ್ಲೇ ಇರು."

"ಇಷ್ಟೇನಾ? ಎಮ್ಮೆಗೂ ಬರುತ್ತೆ ಇದು," ಅಂದ ಬೂಚಿಗ. ಕಣ್ಣು ಮುಚ್ಚಿದ.

ಉಸಿರು ಬಂತು. ಬಂದ್ಯಾ. ಉಸಿರು ಹೋಯ್ತು. ಹೋಗ್ಬಾ. ಬಂತು. ಬಂದ್ಯಾ. ಎಲ್ಲೋ ಯಾರೋ ಹೋಳಿಗೆ ಬೇಯಿಸುತ್ತಿದ್ದರು. ಕಡಲೆಬೇಳೆಯದೋ, ಕಾಯಿಯದೋ? ಕಾಯಿದಾದರೆ ತುಪ್ಪ ಬೇಕು. ತುಪ್ಪ ಅಂದ ಕೂಡಲೇ ತುಪ್ಪದಂಗಡಿಯವನ ಬೊಕ್ಕತಲೆ ನೆನಪಾಯಿತು. ಆ ತಲೆಗೆ ಹಿಂದೆ ಬೂದಿ ಬಳಿದದ್ದು ನೆನಪಾಯಿತು. ನಗು ಬಂತು. ಅಷ್ಟರಲ್ಲಿ ನಂದಮತಿ ಕೇಳಿದಳು, "ಎಲ್ಲಿದೀಯ?"

"ತುಪ್ಪದಂಗಡೀಲಿ," ಅಂದ ಬೂಚಿಗ ಸಣ್ಣ ದನಿಯಲ್ಲಿ. ಆಮೇಲೆ ಕೆನ್ನೆಗೆ ತಾನೇ ಹೊಡೆದುಕೊಂಡ. "ಥೂ, ನನ್ನ ಜನ್ಮಕ್ಕೆ! ನನ್ನ ಕೈಲಿ ಆಗಲ್ಲ."

ನಂದಮತಿ ಅವನ ಕೈ ಹಿಡಿದಳು. "ಹೋದೆ ಅಂತ ಗೊತ್ತಾಯ್ತಲ್ಲ, ಆ ಕ್ಷಣವೇ ನೀನು ವಾಪಸು ಬಂದಾಯ್ತು. ಆಮೇಲೆ ಬೈಕೊಂಡೆ ನೋಡು, ಅದು ಎರಡನೇ ಸಲ ಹೋಗಿದ್ದು. ಊರು ಸುಸ್ತಾಗಿರೋದು ಹೋಗಿದ್ದರಿಂದ ಅಲ್ಲ ಮಗಾ, ಹೋದೆನಲ್ಲಾ ಅಂತ ತನ್ನನ್ನೇ ಚಚ್ಚಿಕೊಳ್ಳೋದರಿಂದ. ವಾಪಸು ಬಂದಾಗ ನಿನಗೂ ಒಂದು 'ಬಂದ್ಯಾ?' ಅನ್ನು. ಸಾಕು."

ಬೂಚಿಗ ದಿನಾ ಕೂತ. ಕೂರುವುದು, ಹೋಗುವುದು, ಬರುವುದು. ತುಪ್ಪದಂಗಡಿ, ಮದುವೆಮನೆ, ಅಕ್ಕನ ಕಾಲು, ಮೇಕೆಯ ಕೊಳಲು. ಬಂದ್ಯಾ, ಹೋಗ್ಬಾ. ಕಾಲು ಜೋಮು ಹಿಡಿಯುತ್ತಿತ್ತು, ಬೆನ್ನು ಉರಿಯುತ್ತಿತ್ತು. ಬೇಜಾರೂ ಆಗುತ್ತಿತ್ತು, ಇಲ್ಲ ಅಂದರೆ ಸುಳ್ಳಾದೀತು. ಆದರೆ ಒಮ್ಮೊಮ್ಮೆ, ಉಸಿರು ಪೂರಾ ಹೊರಗೆ ಹೋಗಿ ಇನ್ನೂ ಒಳಗೆ ಬರದ ಚಿಕ್ಕ ಜಾಗದಲ್ಲಿ, ಯಾರೋ ತಲೆಯ ಮೇಲಿನ ಹೊರೆ ಇಳಿಸಿದ ಹಾಗೆ ಆಗುತ್ತಿತ್ತು. ಅಷ್ಟೇ. ಮತ್ತೆ ಹೊರೆ.

ಅತ್ತ ಕಲ್ಲು ಮಾಚಲೆಯ ಮೊಣಕಾಲು ದಾಟಿತು, ಸೊಂಟ ದಾಟಿತು.

"ನಾಳೆ ಹಗಲೆಲ್ಲ ಕೂರಬೇಕು," ಅಂದಳು ನಂದಮತಿ. "ಕಲ್ಲು ಮೂಗು ಮುಚ್ಚಿದ ಮೇಲೆ ನಾನೂ ಏನೂ ಮಾಡೋಕಾಗಲ್ಲ. ನಿನ್ನನ್ನ ಎಬ್ಬಿಸೋಕೆ ಆಯಾಸುರ ಏನೇನೋ ಕಳಿಸ್ತಾನೆ. ನಾನು ಜೊತೆಗಿರಲ್ಲ. ನಿನ್ನ ಮೂಗಲ್ಲಿ ನಾನು ಉಸಿರಾಡೋಕಾಗುತ್ತಾ?"

ಬೆಳಗಾಯಿತು. ಬಿಸಿಲು ಬಾಗಿಲಿಗೆ ಬಿತ್ತು. ಬೂಚಿಗ ಹೊಸ್ತಿಲ ಪಕ್ಕ ಕೂತ. ಮಾಚಲೆ ಜಗಲಿಯಲ್ಲಿ ಎದೆವರೆಗೆ ಕಲ್ಲಾಗಿ ಕೂತಿದ್ದಳು, ಮಡಿಲಲ್ಲಿ ಮುದ್ದೆಯ ಬುತ್ತಿ.

ಮೊದಲು ಮೇಕೆ ಬಂತು. ಈ ಸಲ ಕೊಳಲಿನ ಜೊತೆಗೆ ಡೋಲು ಕೂಡ. ಪಲ್ಟಿ ಹೊಡೆಯಿತು, ತಲೆ ಮೇಲೆ ನಿಂತು ಬಾಲದಲ್ಲಿ ತಾಳ ಹಾಕಿತು. "ಬೂಚಿಗಣ್ಣಾ, ಪೇಟೇಲಿ ನನ್ನ ಮದುವೆ! ವರ ಯಾರು ಗೊತ್ತಾ? ಹುಲಿ!" ಅಂದಿತು.

ಬೂಚಿಗನ ಕಾಲು ತಾನಾಗಿಯೇ ಎದ್ದಿತು. ಹುಲಿ ಮೇಕೆ ಮದುವೆ ನೋಡದೆ ಸಾಯೋದಾ? ಅಷ್ಟರಲ್ಲಿ ಮೂಗಿನ ತುದಿಯಲ್ಲಿ ತಣ್ಣಗೆ ಏನೋ ತಾಗಿತು. ಉಸಿರು. ಬಂತು.

"ಬಂದ್ಯಾ?" ಅಂದ ಬೂಚಿಗ ಮೇಕೆಗೆ. "ಒಳ್ಳೇದಾಗಲಿ. ಹೋಗ್ಬಾ."

ಹಿಂದೆ ಯಾರೂ ಬರದಿದ್ದರೆ ಮೇಕೆ ಯಾರಿಗೆ ಕುಣಿಯಬೇಕು? ಅದು ನಾಲ್ಕೂ ಕಾಲು ಊರಿ, ಬರೀ ಮೇಕೆಯಾಗಿ, ಬೇಲಿಯ ಸೊಪ್ಪು ತಿನ್ನಲು ಹೋಯಿತು.

ಎರಡನೆಯದಾಗಿ ಎಮ್ಮೆ ಬಂತು. ಮೋಡದಷ್ಟು ದಪ್ಪದ ಎಮ್ಮೆ. ಅದರ ಬೆನ್ನ ಮೇಲೆ ಹತ್ತಿಯ ಹಾಸಿಗೆ, ಬಿಸಿಲಲ್ಲಿ ಒಣಗಿಸಿದ ಕಂಬಳಿ. ಅದು ಏನೂ ಮಾತಾಡಲಿಲ್ಲ. ಒಂದು ಸಲ ಆಕಳಿಸಿತು. ಬಾಗಿಲು ಆಕಳಿಸಿತು, ಕೋಟೆ ಆಕಳಿಸಿತು, ಬೂಚಿಗನೂ ಆಕಳಿಸಿದ. "ಬಂ..." ಅನ್ನುವಷ್ಟರಲ್ಲಿ ಗಲ್ಲ ಎದೆಗೆ ಬಿತ್ತು. ಎಮ್ಮೆ ಅವನನ್ನು ಮೆಲ್ಲಗೆ ಕೊಂಬಿನಿಂದ ಎತ್ತಿ ಬೆನ್ನ ಮೇಲೆ ಹಾಕಿಕೊಳ್ಳಲು ತಲೆ ಬಗ್ಗಿಸಿತು.

ಫಟ್ ಅಂತ ಹಣೆಗೆ ಒಂದು ಮುದ್ದೆ ಬಂದು ಬಿತ್ತು.

"ಏಯ್ ಕಾವಲುಗಾರ! ಗೊರಕೆಗೂ ಬಾಗಿಲು ತೆಗೀತಿದೀಯಾ?" ಮಾಚಲೆಯ ಕೈ ಇನ್ನೂ ಕಲ್ಲಾಗಿರಲಿಲ್ಲ.

ಬೂಚಿಗ ಬೆನ್ನು ನೆಟ್ಟಗೆ ಮಾಡಿದ. ಕಣ್ಣು ಅಗಲಿಸಿ ಬೆಳಕು ನೋಡಿದ. ಒಂದು ಉದ್ದ ಉಸಿರು ಬಂತು, ಉದ್ದ ಅಂತ ತಿಳಿದ. "ಬಂದ್ಯಾ, ಎಮ್ಮೆತಾಯಿ? ಆಮೇಲೆ ಮಲಗ್ತೀನಿ. ಈಗ ಹೋಗ್ಬಾ." ಎಮ್ಮೆ ನೊಂದುಕೊಳ್ಳಲಿಲ್ಲ. ಎಮ್ಮೆಗಳು ಯಾವುದಕ್ಕೂ ನೊಂದುಕೊಳ್ಳುವುದಿಲ್ಲ. ಹೋಯಿತು.

ಮಾಚಲೆ ಎಸೆದ ಕೈ ಹಾಗೇ ಗಾಳಿಯಲ್ಲಿ ಕಲ್ಲಾಯಿತು.

ಮೂರನೆಯದಾಗಿ ಬಂದವನು ಬೂಚಿಗನೇ. ಅದೇ ಮುಖ, ಅದೇ ಎಳೇ ಮೀಸೆ, ಅದೇ ಹರಿದ ಅಂಗಿ. ಬಂದವನು ಜಗಲಿಯ ಹತ್ತಿರ ನಿಂತು ಎದೆ ಎದೆ ಬಡಿದುಕೊಂಡ.

"ನೋಡೋ, ನೋಡು! ಕಲ್ಲು ಕುತ್ತಿಗೆಗೆ ಬಂತು. ಯಾರಿಂದ ಇದು? ಮೇಕೆ ಹಿಂದೆ ಕುಣಿದೋನು ಯಾರು? ಅನ್ನ ಹಾಕಿದೋಳನ್ನ ಬೆಂಚು ಮಾಡಿದೀಯ. ಈಗ ಮೂಗು ನೋಡ್ಕೊಂಡು ಕೂತಿದೀಯ, ನಾಚಿಕೆ ಆಗಲ್ವಾ? ಪೇಟೇಲಿ ವೈದ್ಯ ಇದಾನೆ, ನಾನಾದ್ರೂ ಓಡ್ತೀನಿ!"

ಅವನು ಓಡಿದ. ಬೂಚಿಗನೂ ಎದ್ದು ಓಡಿದ.

ಹೌದು, ಎದ್ದುಬಿಟ್ಟ. ಬಾಗಿಲು ಬಿಟ್ಟುಬಿಟ್ಟ. ಮಾಚಲೆ "ಬೂಚಿಗಾ!" ಅಂದಿದ್ದೂ ಕೇಳಿಸಲಿಲ್ಲ. ಮುಂದೆ ಅವನು, ಹಿಂದೆ ಇವನು. ಓಣಿ ದಾಟಿದರು, ಬಾವಿ ದಾಟಿದರು, ಸಾಲು ಸಾಲು ಕಲ್ಲುಬೆಂಚು ದಾಟಿದರು. ಓಡಿದಷ್ಟೂ ಮುಂದಿನವನು ಬೈಯುತ್ತಿದ್ದ, ಬೈದಷ್ಟೂ ಹಿಂದಿನವನು ಓಡುತ್ತಿದ್ದ. ವೈದ್ಯನೂ ಇಲ್ಲ, ಗೀದ್ಯನೂ ಇಲ್ಲ. ಕೊನೆಗೆ ತುಪ್ಪದಂಗಡಿಯ ಮುಂದೆ ಬೂಚಿಗ ಎಡವಿ ಬಿದ್ದ.

ಬಿದ್ದವನ ಮೂಗಲ್ಲಿ ಉಸಿರು ಭುಸುಭುಸು ಅಂತ ಬರುತ್ತಿತ್ತು, ಹೋಗುತ್ತಿತ್ತು. ಗಿಡ್ಡ. ತುಂಬಾ ಗಿಡ್ಡ.

ಓಹೋ, ಅಂದುಕೊಂಡ ಬೂಚಿಗ. ಹೋಗಿಬಿಟ್ಟಿದೀನಿ.

ಮುಂದಿನವನು ತಿರುಗಿ ನಿಂತು ಬಾಯಿ ತೆರೆದ, ಬೈಯೋಕೆ. ಬೂಚಿಗನ ಕೈಯೂ ತನ್ನ ಕೆನ್ನೆಯ ಕಡೆಗೆ ಎದ್ದಿತು. ಆದರೆ ಹೊಡೆಯಲಿಲ್ಲ. ಆ ಕೈಯಿಂದ ಮಂಡಿಯ ಮಣ್ಣು ಕೊಡವಿದ.

"ಬಂದ್ಯಾ?" ಅಂದ, ಅವನಿಗೆ. "ನೀನೂ ಸುಸ್ತಾಗಿದೀಯ. ಬಾ, ಬಾಗಿಲಿಗೆ ಹೋಗೋಣ."

ಬೈಯುವವನ ಬಾಯಿ ತೆರೆದೇ ಉಳಿಯಿತು. ಹೊಗೆ ಕರಗಿದ ಹಾಗೆ ಕರಗಿದ. ಬೂಚಿಗ ಒಬ್ಬನೇ ವಾಪಸು ಹೊರಟ. ಓಡಲಿಲ್ಲ. ಓಡಿದರೆ ಮತ್ತೆ ಅವನು ಬರುತ್ತಾನೆ ಅಂತ ಗೊತ್ತಿತ್ತು. ನಡೆದ. ಬಂದ್ಯಾ, ಹೋಗ್ಬಾ. ಬಂದ್ಯಾ, ಹೋಗ್ಬಾ.

ಬಾಗಿಲಿಗೆ ಬಂದಾಗ ಬಿಸಿಲು ಹೊಸ್ತಿಲಿನಲ್ಲಿ ಒಂದು ಬೆರಳಿನಷ್ಟು ಉಳಿದಿತ್ತು. ಮಾಚಲೆಯ ಗಲ್ಲದವರೆಗೆ ಕಲ್ಲು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಬಾಗಿಲು ಖಾಲಿ ಬಿದ್ದಷ್ಟು ಹೊತ್ತೂ ಅವಳು ಅಲ್ಲಿಂದ ಎಲ್ಲಿಗೂ ಹೋಗಿರಲಿಲ್ಲ. ಹೋಗೋಕೆ ಕಾಲೆಲ್ಲಿತ್ತು? ತನ್ನ ಉಸಿರನ್ನೇ ನೋಡುತ್ತ ಕೂತಿದ್ದಳು. ದಿನಾ ಭಿಕ್ಷುಣಿಯ ಪಾಠ ಕೇಳಿಸಿಕೊಂಡವಳಲ್ಲವೇ. ಹಾಗಾಗಿ ಬಾಗಿಲ ಕಾವಲು ತಪ್ಪಿರಲಿಲ್ಲ.

ತಮ್ಮನನ್ನು ನೋಡಿ ಅವಳು ಬೈಯಲಿಲ್ಲ.

"ಬಂದ್ಯಾ?" ಅಂದಳು.

"ಬಂದೆ ಅಕ್ಕ," ಅಂದ. ಅವಳ ಪಕ್ಕದಲ್ಲಿ, ಹೊಸ್ತಿಲ ಬದಿಯಲ್ಲಿ, ಕೂತ.

ಅಕ್ಕನ ಉಸಿರು, ತಮ್ಮನ ಉಸಿರು. ಬೇರೆ ಸದ್ದಿಲ್ಲ. ಆ ಸದ್ದಿಲ್ಲದ ಜಾಗದಲ್ಲಿ ಬೂಚಿಗನಿಗೆ ಒಂದು ಹೆಜ್ಜೆ ಸಪ್ಪಳ ಕೇಳಿಸಿತು. ನೋಡಿದ. ಕಂಡ.

ಆಯಾಸುರ ಅಂದರೆ ಕೋರೆಹಲ್ಲು, ಕೆಂಡದ ಕಣ್ಣು ಅಂತ ತಾನೇ ನೀವು ಅಂದುಕೊಂಡಿರೋದು? ಇಲ್ಲ. ಹೊಟ್ಟೆ ಮಾತ್ರ ಗುಡಾಣದ ಹಾಗೆ ಊದಿಕೊಂಡ, ಕೈಕಾಲು ಕಡ್ಡಿಯಾದ ಒಬ್ಬ ಮುದುಕ. ಊರವರ ಸುಸ್ತನ್ನೆಲ್ಲ ಹೊತ್ತು ಹೊತ್ತು ಅವನ ಬೆನ್ನು ಕುಡುಗೋಲಾಗಿತ್ತು. ತನ್ನನ್ನು ಒಬ್ಬ ನೋಡುತ್ತಿದ್ದಾನೆ ಅಂತ ಗೊತ್ತಾಗಿ ಹೊಸ್ತಿಲಲ್ಲೇ ನಿಂತ.

"ಬಂದ್ಯಾ?" ಅಂದ ಬೂಚಿಗ.

ಮುದುಕ ತಲೆ ಎತ್ತಿದ. ಹುಟ್ಟಿದಾಗಿನಿಂದ ಅವನಿಗೆ ಯಾರೂ ಹಾಗೆ ಕೇಳಿರಲಿಲ್ಲ. ಆದರೂ ಮಂತ್ರವಾದಿ ಮಂತ್ರವಾದಿಯೇ. ಕೊನೆಯದಾಗಿ ಒಂದು ಬಲೆ ಬೀಸಿದ.

"ತಡಿ ಹುಡುಗಾ. ನನ್ನ ಒಂದು ಒಗಟು ಬಿಡಿಸು, ಹೋಗ್ತೀನಿ. ಬಂದವನು ಹೋಗದಿದ್ರೆ ಬೀಳೋ ಮನೆ, ಹೋದವನು ಬರದಿದ್ರೂ ಬೀಳೋ ಮನೆ. ಆ ಮನೆಯ ಯಜಮಾನ ಎಲ್ಲಿ ಕೂತಿರ್ತಾನೆ? ಒಳಗೆ ಹೋಗಿ ಹುಡುಕ್ಕೊಂಡು ಬಾ."

ಒಳಗೆ ಹುಡುಕಲು ಹೋದರೆ ಬಾಗಿಲು ಮತ್ತೆ ಖಾಲಿ, ಅದೇ ಬಲೆ. ಬೂಚಿಗನೂ ಒಂದು ಕ್ಷಣ ಒಳಗೆ ಇಣುಕಿದ. ಆಮೇಲೆ ಉಸಿರು ಬಂತು.

"ನಂಗೆ ಗೊತ್ತಿಲ್ಲ ತಾತ," ಅಂದ. "ನಾನು ಬಾಗಿಲೋನು. ಬಂದೋರು ಕಾಣ್ತಾರೆ, ಹೋದೋರು ಕಾಣ್ತಾರೆ. ಯಜಮಾನ ಅಂತ ಯಾರನ್ನೂ ಇನ್ನೂ ನೋಡಿಲ್ಲ. ಇಲ್ಲದೇನೂ ಮನೆ ಚೆನ್ನಾಗೇ ನಡೀತಿದೆ. ನೀನು ಸುಸ್ತಾಗಿದೀಯ. ಹೋಗ್ಬಾ."

ಆಯಾಸುರ ಬಾಯಿ ತೆರೆದ. ಕುಡಿದಿದ್ದ ಉಸಿರೆಲ್ಲ ಹೊರಗೆ ಬಂತು. ಒಂದು ದೊಡ್ಡ, ಉದ್ದನೆಯ "ಉಸ್ಸಪ್ಪಾ". ಕೋಟೆಯ ಮೇಲಿನ ಬಾವುಟಗಳೆಲ್ಲ ಒಂದು ಸಲ ಎದ್ದು ಬಿದ್ದವು. ಹೊಟ್ಟೆ ಇಳಿದು, ಬೆನ್ನು ನೆಟ್ಟಗಾಗಿ, ಬರೀ ಒಬ್ಬ ಬಡ ಮುದುಕನಾಗಿ, ಹೊಸ್ತಿಲು ದಾಟಿ ಹೊರಟುಹೋದ.

ಕಲ್ಲುಬೆಂಚುಗಳು ಮೈ ಮುರಿದು ಎದ್ದವು. ಕೋಳಿ ಮಿಕ್ಕಿಸಿಟ್ಟಿದ್ದ ಕೂಗನ್ನೆಲ್ಲ ಸಾಯಂಕಾಲವೇ ಕೂಗಿ ಮುಗಿಸಿತು. ಮಂತ್ರಿ ಕಿರೀಟ ಎತ್ತಿಕೊಟ್ಟ. ಮಾಚಲೆ ಕೈ ಕೊಡವಿ, ಕಾಲು ಕೊಡವಿ ಎದ್ದು, ಮೊದಲು ಮಾಡಿದ್ದು ತಮ್ಮನ ಕಿವಿ ಹಿಂಡಿದ್ದು.

ಊರವರು ಬೂಚಿಗನನ್ನು ಸುತ್ತುವರಿದರು. "ಎಲಾ ಇವನಾ! 'ಹೋಗ್ಬಾ' ಅಂದುಬಿಟ್ಯಲ್ಲೋ! ಅವನು ಮತ್ತೆ ಬಂದ್ರೆ?"

"ಬರ್ತಾನೆ," ಅಂದ ಬೂಚಿಗ. "ಬಂದಾಗ 'ಬಂದ್ಯಾ?' ಅಂತೀನಿ."

ಅವತ್ತು ಒಂಟಿಬಾಗಿಲು ರಾಜ್ಯದವರು ಹೊದ್ದು ಮಲಗಿದವರು ಮಾರನೇ ದಿನ ಮಧ್ಯಾಹ್ನದವರೆಗೂ ಏಳಲಿಲ್ಲ. ಆಮೇಲೆ ಎದ್ದು, ಹೊಟ್ಟೆ ತುಂಬ ಉಂಡು, ಎಲ್ಲರೂ ಸುಖವಾಗಿದ್ದರು.

ಹಾಗಂತ ನಾನು ಹೇಳ್ತಿದೀನಿ.

ನಿಜ ಹೇಳಬೇಕೆಂದರೆ, ಈ ಕತೆಯನ್ನು ನನ್ನಜ್ಜಿ ಮಧ್ಯಾಹ್ನದ ಊಟವಾದ ಮೇಲೆ ಗೋಡೆಗೆ ಒರಗಿಕೊಂಡು ಹೇಳುತ್ತಿದ್ದಳು. ಬೆಳಗಿನಿಂದ ದುಡಿದ ಮೈ. ಪ್ರತಿ ಸಲವೂ ಆಯಾಸುರ "ಯಜಮಾನ ಎಲ್ಲಿ ಕೂತಿರ್ತಾನೆ?" ಅನ್ನುವಲ್ಲಿಗೆ ಬಂದು ನಿದ್ದೆ ಹೋಗಿಬಿಡುತ್ತಿದ್ದಳು. ಎಬ್ಬಿಸಿ ಕೇಳಿದರೆ "ನಾಳೆ" ಅನ್ನುವಳು. ಆ ನಾಳೆ ಬರಲೇ ಇಲ್ಲ. ಒಗಟಿನ ಉತ್ತರ ನನಗೆ ಗೊತ್ತಿಲ್ಲ, ಅದಕ್ಕೇ ಬೂಚಿಗನ ಬಾಯಲ್ಲೂ ಗೊತ್ತಿಲ್ಲ ಅನ್ನಿಸಿದೆ. ಆಯಾಸುರ ನಿಜವಾಗಿ ಹೋದನೋ, ಅಕ್ಕ ಕಲ್ಲಾಗಿಯೇ ಉಳಿದಳೋ, ಯಾರಿಗೆ ಗೊತ್ತು? ಅಲ್ಲಿಂದ ಮುಂದಿನದೆಲ್ಲ ನಾನೇ ಕಟ್ಟಿದ್ದು. ಅಜ್ಜಿಯ ಪಕ್ಕ ಕೂತು, ಅವಳ ಉಸಿರು ಬರುವುದನ್ನು, ಹೋಗುವುದನ್ನು ನೋಡುತ್ತ ಕಟ್ಟಿದ್ದು.